ಅಂಚೆಯ ದರವೂ ವೆಚ್ಚದ ಹೊಣೆಯೂ

ಭಾರತದ ಅಂಚೆಯ ಚರಿತ್ರೆಯನ್ನು ಅರಸುವವರಿಗೆ ಜೆಫ್ರಿ ಕ್ಲಾರ್ಕರು 1921ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಉಪಯುಕ್ತವಾಗಿದೆ. ಇಲಾಖೆಯ ಉನ್ನತಾಧಿಕಾರಿಯೊಬ್ಬರು ಬರೆದ ಈ ಕೃತಿಯಲ್ಲಿ ದರಗಳ, ಮಾರ್ಗಗಳ ವಿವರ ವಿಪುಲವಾಗಿದೆ; ಅದಕ್ಕೆ ನಾವು ಋಣಿಗಳು. ಆದರೆ ಇಲಾಖೆಯ ಬೆಳವಣಿಗೆಯನ್ನು ನಿರೂಪಿಸುವುದೇ ಗುರಿಯಾದಾಗ, ಆ ಬೆಳವಣಿಗೆಯ ವೆಚ್ಚವನ್ನು ಸಾಮ್ರಾಜ್ಯ ಸರ್ಕಾರವೆಷ್ಟು, ವಸಾಹತುವೆಷ್ಟು ಹೊತ್ತಿತೆಂಬ ಪ್ರಶ್ನೆಯು ಹಿಂದೆ ಸರಿಯುತ್ತದೆ. ದರದ ಇತಿಹಾಸವನ್ನೇ ವೆಚ್ಚದ ಇತಿಹಾಸವೆಂದು ಭಾವಿಸುವ ರೂಢಿಯೊಂದು ಇಂತಹ ಗ್ರಂಥಗಳಿಂದ ಬೇರೂರಿದೆ.

ಈ ರೂಢಿಯ ಕೊರತೆಯನ್ನು ಮಂಗಳೂರಿನ ಉದಾಹರಣೆಯಿಂದಲೇ ತೋರಿಸಬಹುದು. 1898ರ ಡಿಸೆಂಬರ್ 25ರಂದು ಸಾಮ್ರಾಜ್ಯದ ಪೆನ್ನಿ ಅಂಚೆಯು ಜಾರಿಗೆ ಬಂದಿತು. ಎರಡೂವರೆ ಆಣೆಯಿದ್ದ ಬ್ರಿಟನ್ನಿನ ದರವು ಒಂದಾಣೆಗೆ ಇಳಿಯಿತು. ಬ್ರಿಟಿಷ್ ಸಾಮ್ರಾಜ್ಯದ ಹೊರಗಿನ ದೇಶಗಳಿಗೆ ಎರಡೂವರೆ ಆಣೆಯೇ ಉಳಿಯಿತು. ಆದುದರಿಂದ ಬಲ್ಮಠದ ಬಾಸೆಲ್ ಮಿಶನ್ನಿನವರು ಸ್ವಿಟ್ಜರ್ಲೆಂಡಿನ ತಮ್ಮ ಕೇಂದ್ರಕ್ಕೆ ಬರೆದ ಪತ್ರಕ್ಕೆ ಎರಡೂವರೆ ಆಣೆ, ಅದೇ ಊರಿನ ಕಲೆಕ್ಟರರು ಲಂಡನ್ನಿಗೆ ಬರೆದ ಪತ್ರಕ್ಕೆ ಒಂದಾಣೆ. ಎರಡಕ್ಕೂ ಸಮುದ್ರಮಾರ್ಗವು ಮುಂಬಯಿ, ಸೂಯೆಜ್‌ಗಳದೇ; ಬಾಸೆಲ್ ನಗರವಾದರೋ ಲಂಡನ್ನಿಗಿಂತ ಸಮೀಪ. ಹೀಗಿರುವಲ್ಲಿ ದರದ ಇಳಿಕೆಯು ಸಾಗಣೆಯ ವೆಚ್ಚದ ಇಳಿಕೆಯಿಂದ ಉಂಟಾದುದಲ್ಲವೆಂಬುದು ಸ್ಪಷ್ಟ.

ಹಾಗಾದರೆ ಈ ಒಂದೂವರೆ ಆಣೆಯನ್ನು ಬಿಟ್ಟುಕೊಟ್ಟವರಾರು? 1874ರ ಬರ್ನ್ ಒಪ್ಪಂದದಿಂದ ಪ್ರತಿಯೊಂದು ದೇಶವೂ ತಾನು ವಸೂಲು ಮಾಡಿದ ಅಂಚೆಹಣವನ್ನು ತಾನೇ ಇಟ್ಟುಕೊಳ್ಳುವ ಕ್ರಮ ಬಂದಿತ್ತು. 1876ರಲ್ಲಿ ಭಾರತವೂ ಆ ಒಕ್ಕೂಟವನ್ನು ಸೇರಿತ್ತು. ಆದಕಾರಣ ಭಾರತದಿಂದ ಹೊರಟ ಪತ್ರಗಳ ಮೇಲಿನ ನಷ್ಟವು ಭಾರತದ ಬೊಕ್ಕಸಕ್ಕೇ ತಟ್ಟಿತು. ಇದಲ್ಲದೆ ಪಿ. ಅಂಡ್ ಒ. ಹಡಗು ಕಂಪನಿಗೆ ಕೊಡುತ್ತಿದ್ದ ಸಹಾಯಧನದಲ್ಲಿಯೂ ಭಾರತವು ಪಾಲು ತೆರುತ್ತಿತ್ತು; ಕರಾರು ಮಾತ್ರ ಲಂಡನ್ನಿನಲ್ಲಿ ಆಗುತ್ತಿತ್ತು.

ಎರಡು ಸರ್ಕಾರಗಳ ನಡುವೆ ವೆಚ್ಚದ ಹಂಚಿಕೆಯನ್ನು ವಿಚಾರಿಸಲೆಂದೇ 1895ರಲ್ಲಿ ವೆಲ್ಬಿ ಆಯೋಗವು ನೇಮಕವಾಯಿತು. ಅದರ ಸದಸ್ಯರಾಗಿದ್ದ ದಾದಾಭಾಯಿ ನವರೋಜಿಯವರು ವೆಡರ್‌ಬರ್ನ್, ಕೇನ್ ಇವರೊಡನೆ ಬಹುಮತದ ವರದಿಯಿಂದ ಬೇರೆಯಾದರು. ಖರ್ಚಿನ ನಿರ್ಧಾರದಲ್ಲಿ ಭಾರತೀಯರಿಗೆ ಮಾತಿಲ್ಲವೆಂಬುದು ನವರೋಜಿಯವರ ಮೂಲ ಆಕ್ಷೇಪ. ಅಂಚೆಯ ಲೆಕ್ಕಕ್ಕೂ ಈ ಮಾತು ಸಲ್ಲುತ್ತದೆ. ಘಟ್ಟದ ಮೇಲಣ ಮೈಸೂರಿನ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾದಾಗ, ಅಲ್ಲಿ ಒಂದು ಪಕ್ಷವಾಗಿ ಸಂಸ್ಥಾನದ ಸರ್ಕಾರವಾದರೂ ಇತ್ತು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಅಷ್ಟೂ ಇರಲಿಲ್ಲ.

ಪೆನ್ನಿ ಅಂಚೆಯಿಂದ ಉಪಕಾರವೇ ಆಗಲಿಲ್ಲವೆಂದು ನಮ್ಮ ವಾದವಲ್ಲ. ಸಮುದ್ರದಾಚೆ ಬಂಧುಗಳಿದ್ದವರಿಗೆಲ್ಲ ಅದರಿಂದ ಅನುಕೂಲವಾಯಿತು. ಆದರೆ ಹಳ್ಳಿಯಲ್ಲಿ ಕಾಲಾಣೆಯ ಕಾರ್ಡು ಬರೆದವನಿಗೆ ಆ ಉಪಕಾರದಲ್ಲಿ ಪಾಲೆಷ್ಟು, ಅದರ ಭಾರದಲ್ಲಿ ಪಾಲೆಷ್ಟು ಎಂಬುದನ್ನು ಕೇಳದ ಚರಿತ್ರೆಯು ಅಪೂರ್ಣ. ಅಂಚೆಯ ಚರಿತ್ರೆಯನ್ನು ಬರೆಯಹೊರಟವರು ದರಪಟ್ಟಿಯ ಪಕ್ಕದಲ್ಲಿ ಜಮಾಖರ್ಚಿನ ಪುಸ್ತಕವನ್ನೂ ತೆರೆದಿಟ್ಟುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.