ಖೋಸ್ಲಾನ ನಿವೇಶನ, ನಮ್ಮ ಪಾಲು

ವಿಮರ್ಶಕನಾದವನು ತಾನು ಬರೆಯುವ ವಿಷಯದಲ್ಲಿ ತನ್ನ ಸ್ವಂತ ಲಾಭ-ನಷ್ಟವೇನಾದರೂ ಇದ್ದರೆ ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿಬಾಕರ್ ಬ್ಯಾನರ್ಜಿಯವರ ‘ಖೋಸ್ಲಾ ಕಾ ಘೋಸ್ಲಾ’ (2006) ಹಿಂದಿ ಚಿತ್ರವನ್ನು ಮೊದಲು ನೋಡಿದಾಗ ನಮಗೆ ಸ್ವಂತದ್ದೆಂಬ ಒಂದು ಗೇಣು ನೆಲವಿರಲಿಲ್ಲ. ಹೊಟ್ಟೆ ತುಂಬ ನಕ್ಕಿದ್ದೆವು. ಈಗ ಊರ ಹೊರಗೆ 30-40ರ ಒಂದು ಸೈಟಿದೆ. ಇತ್ತೀಚೆಗೆ ಅದೇ ಚಿತ್ರವನ್ನು ಮತ್ತೆ ನೋಡಿದೆವು. ಅಷ್ಟು ನಗು ಬರಲಿಲ್ಲ.

ದೆಹಲಿಯ ಕಮಲ್ ಕಿಶೋರ್ ಖೋಸ್ಲಾ (ಅನುಪಮ್ ಖೇರ್) ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಒಂದು ನಿವೇಶನ ಕೊಳ್ಳುತ್ತಾನೆ. ಖುರಾನಾ (ಬೊಮನ್ ಇರಾನಿ) ಎಂಬ ಭೂಗಳ್ಳ ಅದನ್ನು ಆಕ್ರಮಿಸಿ, ಬಿಟ್ಟುಕೊಡಲು 15 ಲಕ್ಷ ಕೇಳುತ್ತಾನೆ. ಎಲ್ಲಿ ಹೋದರೂ ನ್ಯಾಯ ಸಿಗದಾದಾಗ ಮಗ, ಆಸಿಫ್ ಎಂಬ ಏಜೆಂಟ್ ಮತ್ತು ಒಂದು ನಾಟಕ ತಂಡ ಸೇರಿ ಆಟ ಹೂಡುತ್ತಾರೆ. ಮೀನುಗಾರಿಕೆ ಇಲಾಖೆಯ ಜಾಗವನ್ನು ಒಬ್ಬ ಸಿರಿವಂತನ ಆಸ್ತಿಯೆಂದು ನಂಬಿಸಿ ಖುರಾನಾನಿಂದ ಮುಂಗಡ ಕೀಳುತ್ತಾರೆ. ಆ ಹಣದಿಂದಲೇ ತಮ್ಮ ನಿವೇಶನ ಬಿಡಿಸಿಕೊಳ್ಳುತ್ತಾರೆ.

ಜೈದೀಪ್ ಸಾಹ್ನಿಯವರ ಚಿತ್ರಕಥೆಯ ನಿಜವಾದ ಒಳನೋಟ ಇರುವುದು ಇಲ್ಲಿಯೇ. ಅನ್ಯರ ಹಣ ಮಾತ್ರ ನೆಲದಲ್ಲಿ ಹೂತಿರುವವರೆಗೆ ಖುರಾನಾನನ್ನು ಯಾರೂ ಅಲುಗಿಸಲಾರರು. ತನ್ನ ಜೇಬಿನ ಹಣ ಹಾಕಿದ ದಿನ ಅವನೂ ಖೋಸ್ಲಾನಷ್ಟೇ ಬಡಪಾಯಿ.

ಆದರೆ ಚಿತ್ರ ಒಂದು ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುತ್ತದೆ. ಇದರಲ್ಲಿ ಬರುವ ದಲ್ಲಾಳಿಗಳಿಗೆ ನೆಲ ಯಾರದಾದರೂ ಒಂದೇ, ಕಮಿಷನ್ ತಪ್ಪಬಾರದು ಅಷ್ಟೆ. ಖಳನಾಯಕ ಸೋತ ಸಂಭ್ರಮದಲ್ಲಿ ಅವರನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಇಸ್ಲಾಮೀ ವ್ಯವಹಾರ ನಿಯಮದಲ್ಲಿ ‘ಮುಶಾರಕ’ ಎಂಬ ಪಾಲುದಾರಿಕೆಯಿದೆ. ಲಾಭವನ್ನು ಒಪ್ಪಂದದಂತೆ ಹಂಚಿಕೊಳ್ಳಬಹುದು. ನಷ್ಟ ಬಂದರೆ ಮಾತ್ರ ಹಾಕಿದ ಬಂಡವಾಳಕ್ಕೆ ತಕ್ಕಂತೆ ಪ್ರತಿಯೊಬ್ಬನೂ ಹೊರಬೇಕು. 2016ರ ರೇರಾ ಕಾಯ್ದೆಯೂ ಗಿರಾಕಿಗಳಿಂದ ಬಂದ ಹಣದಲ್ಲಿ ಶೇ. 70ನ್ನು ಆ ಯೋಜನೆಗೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕೆಂದು ಬಿಲ್ಡರುಗಳಿಗೆ ವಿಧಿಸಿತು. ಕಾಯ್ದೆ ಹಣಕ್ಕೆ ಕಾವಲು ಹಾಕಬಹುದು, ಬಾಯಿಮಾತಿಗೆ ಹಾಕಲಾರದು.

ಬಾಯಿಮಾತಿನ ವಿಷಯ ನಮಗೆ ಗೊತ್ತಿದೆ. ನಾವು ಸೈಟು ಕೊಂಡಾಗ ಏಜೆಂಟ್, ಇನ್ನೊಬ್ಬರನ್ನು ಕರೆತಂದರೆ ನಮ್ಮ ಬಾಕಿಯಲ್ಲಿ 25 ಸಾವಿರ ಬಿಡುತ್ತೇನೆಂದ. ಸೌದಿಯಲ್ಲಿ ದುಡಿಯುವ ನಮ್ಮ ಖಾಲಾನ ಮಗನಿಗೆ ಫೋನು ಮಾಡಿದೆವು. ಅವನು ಕಾಗದಪತ್ರ ಕೇಳಲಿಲ್ಲ. “ನೀವೂ ತಗೊಂಡಿದ್ದೀರಲ್ಲ ಭಾಯಿ, ಅಷ್ಟು ಸಾಕು” ಎಂದ. ನಮ್ಮ ಹಣ ಅಲ್ಲಿದೆ ಎಂಬುದೇ ಅವನಿಗೆ ಜಾಮೀನು. ಅವನ ಹಣದಿಂದ ನಮಗೆ 25 ಸಾವಿರ ಉಳಿಯುತ್ತದೆ ಎಂಬುದನ್ನು ನಾವು ಹೇಳಲಿಲ್ಲ. ಇಂದು ನಮ್ಮ ಸೈಟಿಗೆ ಖಾತೆಯಾಗಿದೆ. ಹಿಂದಿನ ಸಾಲಿನಲ್ಲಿರುವ ಅವನ ಸೈಟು ರಾಜಕಾಲುವೆಯ ಅಂಚಿಗೆ ಬಿದ್ದು ಮನೆ ಕಟ್ಟುವಂತಿಲ್ಲ. ನಾವು ಮೋಸ ಮಾಡಬೇಕೆಂದು ಮಾಡಿದ್ದಲ್ಲ, ನಿಜ. ಆದರೆ ಲಾಭದ ಮಟ್ಟಿಗೆ ನಾವಿಬ್ಬರೂ ಪಾಲುದಾರರು, ನಷ್ಟ ಅವನೊಬ್ಬನದೇ.

ಮೊದಲ ಸಲ ಚಿತ್ರ ನೋಡಿದಾಗ ನಾವು ಖೋಸ್ಲಾನ ಕಡೆ ಇದ್ದೆವು. ನೋಡುವವರೆಲ್ಲರೂ ಅವನ ಕಡೆಯೇ ಇರುತ್ತಾರೆ, ಅದೇ ಈ ಚಿತ್ರದ ಜಾಣತನ ಮತ್ತು ಅದೇ ಅದರ ಮಿತಿ. ಎರಡನೇ ಸಲ ನಮ್ಮ ಕಣ್ಣು ಖೋಸ್ಲಾನ ಮೇಲೂ ಇರಲಿಲ್ಲ, ಖುರಾನಾನ ಮೇಲೂ ಇರಲಿಲ್ಲ. ನಡುವೆ ನಿಂತು ಇಬ್ಬರಿಗೂ ಕೈಕುಲುಕುವ ಮನುಷ್ಯನನ್ನೇ ನೋಡುತ್ತಿದ್ದೆವು.

ಈ ಪತ್ರಿಕೆ ಖಾಲಾನ ಮನೆಗೂ ಹೋಗುತ್ತದೆ. ಅವನು ಮುಂದಿನ ಈದ್‌ಗೆ ಊರಿಗೆ ಬರುತ್ತಾನಂತೆ. ಅಷ್ಟರಲ್ಲಿ 25 ಸಾವಿರದ ಲೆಕ್ಕವನ್ನು ನಾವೇ ಫೋನು ಮಾಡಿ ಹೇಳಬೇಕು, ಹಣವನ್ನೂ ತಲುಪಿಸಬೇಕು. ಇಲ್ಲದಿದ್ದರೆ ಇಲ್ಲಿ ಓದಿಯೇ ಅವನಿಗೆ ಗೊತ್ತಾಗುತ್ತದೆ.