ರಾಮಾನುಜನ್ ಚರಿತ್ರೆಯಲ್ಲಿ ಹಾರಿಸಿಬಿಟ್ಟ ಪುಟ

ಶ್ರೀನಿವಾಸ ರಾಮಾನುಜನ್ನರನ್ನು ಲೋಕವು ಕುಂಭಕೋಣದವರೆಂದೇ ಬಲ್ಲದು. ಆದರೆ 1887ರ ಡಿಸೆಂಬರ್ 22ರಂದು ಅವರು ಜನಿಸಿದ್ದು ಈರೋಡಿನಲ್ಲಿ, ತಾಯಿಯ ತವರುಮನೆಯಲ್ಲಿ. ಆಗ ಈರೋಡು ಕೊಯಮತ್ತೂರು ಜಿಲ್ಲೆಗೇ ಸೇರಿದ ಊರು. ಬೇರೆ ಜಿಲ್ಲೆಯಾದದ್ದು 1979ರಲ್ಲಿ. ಇಂಗ್ಲೆಂಡಿನಿಂದ ರೋಗಿಯಾಗಿ ಮರಳಿದ ವರ್ಷ ಅವರು ಎರಡು ತಿಂಗಳು ತಂಗಿದ್ದ ಕೊಡುಮುಡಿಯೂ ಅದೇ ಸೀಮೆಯ ಕಾವೇರಿ ದಡದ ಊರು. ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದಿರುವ ನಾವು ಅವರನ್ನು ನೆರೆಯವರೆಂದು ಕರೆದರೆ ತಪ್ಪಾಗಲಾರದು.

ಅವರ ಹುಟ್ಟುಹಬ್ಬವೀಗ ರಾಷ್ಟ್ರೀಯ ಗಣಿತ ದಿನ. ಆ ದಿನ ಶಾಲೆಗಳಲ್ಲಿ ನಡೆಯುವ ಭಾಷಣ ಸ್ಪರ್ಧೆಗಳ ತೀರ್ಪುಗಾರರಾಗಿ ನಾವು ಕುಳಿತದ್ದುಂಟು. ಮಕ್ಕಳ ಬಾಯಲ್ಲಿ ಕೇಳಿಬರುವುದು ಮೂರೇ ಸಂಗತಿ: ನಾಮಗಿರಿ ತಾಯಾರ ಕೃಪೆ, ಟ್ಯಾಕ್ಸಿಯ 1729 ಎಂಬ ಅಂಕೆ, ಮೂವತ್ತೆರಡರ ಅಕಾಲ ಮರಣ. ಮಕ್ಕಳನ್ನು ದೂರಿ ಫಲವಿಲ್ಲ. ಅವರಿಗೆ ದೊರೆಯುವ ಕಿರುಹೊತ್ತಿಗೆಗಳಲ್ಲಿ ಇರುವುದೂ ಇಷ್ಟೇ. 1918ರ ಆರಂಭದಲ್ಲಿ ಲಂಡನ್ನಿನ ಸುರಂಗ ರೈಲಿನ ನಿಲ್ದಾಣವೊಂದರಲ್ಲಿ ಈ ಮಹನೀಯರು ಪ್ರಾಣವನ್ನೇ ಕಳೆದುಕೊಳ್ಳಲು ಹಳಿಯ ಮೇಲೆ ಬಿದ್ದರೆಂಬುದನ್ನು ಅವು ಹೇಳುವುದಿಲ್ಲ. ಆ ಪುಟವನ್ನು ಯಾರು ಹೇಗೆ ಬರೆದರು, ಯಾರು ಏಕೆ ಹಾರಿಸಿದರು ಎಂಬುದನ್ನು ವಿಚಾರಿಸುವುದೇ ನಮ್ಮ ಈ ಲೇಖನದ ಉದ್ದೇಶ.

ಮೊದಲು ಹಾರಿಸಿದವರು ಗುರುಸಮಾನರಾದ ಹಾರ್ಡಿಯವರೇ. ರಾಮಾನುಜನ್ನರು ತೀರಿಕೊಂಡ ಮೇಲೆ ಅವರು ಬರೆದ ಸ್ಮರಣಲೇಖನದಲ್ಲಾಗಲಿ, 1940ರಲ್ಲಿ ಪುಸ್ತಕವಾಗಿ ಬಂದ ಉಪನ್ಯಾಸಗಳಲ್ಲಾಗಲಿ ಈ ಪ್ರಸಂಗವಿಲ್ಲ. ಸ್ನೇಹಿತನ ಮಾನ ಕಾಪಾಡುವ ಇಚ್ಛೆ ಅದರ ಹಿಂದಿತ್ತೆಂದು ನಾವು ತಿಳಿಯುತ್ತೇವೆ. ಆ ಕಾಲದ ಇಂಗ್ಲೆಂಡಿನಲ್ಲಿ ಆತ್ಮಹತ್ಯಾಯತ್ನವು ಶಿಕ್ಷಾರ್ಹ ಅಪರಾಧವೂ ಆಗಿತ್ತು. 1961ರವರೆಗೂ ಆ ಕಾನೂನು ಉಳಿದಿತ್ತು. ಹಾರ್ಡಿಯವರ ಬಾಯಿಂದಲೇ ಕೇಳಿದ ಖಭೌತವಿಜ್ಞಾನಿ ಎಸ್. ಚಂದ್ರಶೇಖರರು ಮುಂದೆ ಇದನ್ನು ಬಹಿರಂಗಪಡಿಸಿದರು. ರೈಲ್ವೆ ಸಿಬ್ಬಂದಿಯೊಬ್ಬನ ಸಮಯಪ್ರಜ್ಞೆಯಿಂದ ಗಾಡಿಯು ಕೆಲವೇ ಅಡಿಗಳ ಅಂತರದಲ್ಲಿ ನಿಂತಿತು. ಪೊಲೀಸರು ಹಿಡಿದೊಯ್ದರು. ಹಾರ್ಡಿ ಧಾವಿಸಿ ಬಂದು, ಈತ ರಾಯಲ್ ಸೊಸೈಟಿಯ ಫೆಲೋ, ಇಂಥವರನ್ನು ಬಂಧಿಸುವಂತಿಲ್ಲ ಎಂದು ವಾದಿಸಿ ಬಿಡಿಸಿಕೊಂಡು ಹೋದರು. ಸತ್ಯವೇನೆಂದರೆ ರಾಮಾನುಜನ್ನರು ಆಗಿನ್ನೂ ಫೆಲೋ ಆಗಿರಲಿಲ್ಲ. ಆಯ್ಕೆಯಾದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಫೆಲೋಗಳನ್ನು ಬಂಧಿಸಬಾರದೆಂಬ ಕಾನೂನೂ ಇರಲಿಲ್ಲ. ದೇವರನ್ನು ನಂಬದ, ಗಣಿತದಲ್ಲಿ ಎಳ್ಳಷ್ಟು ಸಡಿಲಿಕೆಯನ್ನೂ ಸಹಿಸದ ಹಾರ್ಡಿಯವರು ಹೇಳಿದ ಈ ಸುಳ್ಳು ನಮಗೆ ಅವರ ಎಷ್ಟೋ ಪ್ರಮೇಯಗಳಿಗಿಂತ ಪ್ರಿಯವಾಗಿದೆ.

ಈ ಪುಟವನ್ನು ವಿಸ್ತಾರವಾಗಿ ಬರೆದವರು ಅಮೆರಿಕದ ಲೇಖಕ ರಾಬರ್ಟ್ ಕನಿಗೆಲ್. 1991ರಲ್ಲಿ ಹೊರಬಂದ ಅವರ ‘ದಿ ಮ್ಯಾನ್ ಹೂ ನ್ಯೂ ಇನ್ಫಿನಿಟಿ’ ಗ್ರಂಥದ ದೊಡ್ಡ ಗುಣವೆಂದರೆ, ಅದು ಈ ಘಟನೆಯನ್ನು ಸಿಡಿಲಿನಂತೆ ಆಕಾಶದಿಂದ ಬೀಳಿಸುವುದಿಲ್ಲ. ಹಿಂದಿನ ಮೂರು ನಾಲ್ಕು ವರ್ಷಗಳ ಸಣ್ಣ ಸಣ್ಣ ಕಾರಣಗಳನ್ನು ಗೃಹಿಣಿಯು ಲೆಕ್ಕದ ಪುಸ್ತಕ ಬರೆದಂತೆ ಬರೆಯುತ್ತ ಹೋಗುತ್ತದೆ. 1914ರ ಏಪ್ರಿಲ್‌ನಲ್ಲಿ ಲಂಡನ್ ತಲುಪಿದ ಕೆಲವೇ ತಿಂಗಳಲ್ಲಿ ಮಹಾಯುದ್ಧ ಆರಂಭವಾಯಿತು. ಶುದ್ಧ ಸಸ್ಯಾಹಾರಿಯಾದ ಅವರು ತಾವೇ ಅಡಿಗೆ ಮಾಡಿಕೊಳ್ಳಬೇಕು. ಯುದ್ಧಕಾಲದಲ್ಲಿ ಹಣ್ಣು ತರಕಾರಿಗಳು ದುರ್ಲಭ. ಕೆಲಸದ ಅಮಲಿನಲ್ಲಿ ಹೊತ್ತಿಗೆ ಊಟವಿಲ್ಲ, ಹೊತ್ತಿಗೆ ನಿದ್ರೆಯಿಲ್ಲ. ಊರಿನಲ್ಲಿ ತಾಯಿ ಕೋಮಲತ್ತಮ್ಮಾಳ್ ಮತ್ತು ಎಳೆಯ ಸೊಸೆ ಜಾನಕಿಯರ ನಡುವೆ ವಿರಸ. ಹೆಂಡತಿಯ ಕಾಗದಗಳು ಗಂಡನಿಗೆ ಮುಟ್ಟಲಿಲ್ಲ, ಗಂಡನವು ಹೆಂಡತಿಗೆ ಮುಟ್ಟಲಿಲ್ಲ. 1917ರಲ್ಲಿ ಹಾಸಿಗೆ ಹಿಡಿದರು. ಅಲ್ಲಿಂದ ಮುಂದೆ ಒಂದು ಆರೋಗ್ಯಧಾಮದಿಂದ ಮತ್ತೊಂದಕ್ಕೆ ಅಲೆದಾಟ. ಅದೇ ವರ್ಷ ಟ್ರಿನಿಟಿ ಕಾಲೇಜು ಅವರಿಗೆ ಫೆಲೋಷಿಪ್ ನಿರಾಕರಿಸಿತು. ಇವುಗಳಲ್ಲಿ ಯಾವುದೊಂದೂ ಮನುಷ್ಯನನ್ನು ಹಳಿಯ ಮೇಲೆ ನೂಕುವಷ್ಟು ದೊಡ್ಡದಲ್ಲ. ಎಲ್ಲವೂ ಒಂದೇ ಹೆಗಲ ಮೇಲೆ ಬಿದ್ದಾಗ ಆಗುವುದೇ ಬೇರೆ.

ಗ್ರಂಥದಲ್ಲಿ ಬರುವ ಒಂದು ಊಟದ ಪ್ರಸಂಗವನ್ನು ಓದುಗರು ಗಮನಿಸಬೇಕು. ರಾಮಾನುಜನ್ನರು ತಮ್ಮ ಕೋಣೆಗೆ ಒಬ್ಬ ಭಾರತೀಯ ಸ್ನೇಹಿತರನ್ನೂ ಆತನ ಭಾವೀ ಪತ್ನಿಯನ್ನೂ ಊಟಕ್ಕೆ ಕರೆದಿದ್ದರು. ತಾವೇ ಮಾಡಿದ ಸಾರನ್ನು ಎರಡು ಸಲ ಬಡಿಸಿದರು. ಮೂರನೆಯ ಸಲ ಸಾಕೆಂದಾಗ ಸುಮ್ಮನೆ ಎದ್ದು ಹೊರಗೆ ಹೋದರು. ಅತಿಥಿಗಳು ಕಾದರು, ಆತಿಥೇಯ ಬರಲಿಲ್ಲ. ನಾಲ್ಕು ದಿನಗಳ ಮೇಲೆ ಆಕ್ಸ್‌ಫರ್ಡಿನಿಂದ ಹಣ ಕೇಳಿ ತಂತಿ ಬಂತು. ಈ ಪ್ರಸಂಗವನ್ನು ಪ್ರತಿಭಾವಂತನ ವಿಚಿತ್ರ ನಡತೆಯೆಂದು ನಕ್ಕು ಬಿಡುವವರೇ ಹೆಚ್ಚು. ನಮಗೆ ಇದರಲ್ಲಿ ನಗು ಕಾಣುವುದಿಲ್ಲ. ಸುರಂಗ ರೈಲಿನ ಘಟನೆಗೆ ಬಹು ಮುಂಚೆಯೇ ಮನಸ್ಸು ತನ್ನ ಬೇನೆಯನ್ನು ಹೇಳಿಕೊಳ್ಳುತ್ತಿತ್ತು. ಕೇಳಿಸಿಕೊಳ್ಳುವವರು ಸಾರಿನ ರುಚಿಯನ್ನಷ್ಟೇ ನೆನಪಿಟ್ಟುಕೊಂಡರು.

ಕನಿಗೆಲ್ಲರೊಡನೆ ನಮಗೆ ಭಿನ್ನಾಭಿಪ್ರಾಯವಿರುವುದು ಒಂದೆಡೆ. ರಾಮಾನುಜನ್ನರ ಈ ಕುಗ್ಗುವಿಕೆಯನ್ನು ಅವರು ಅತಿಯಾದ ಲಜ್ಜೆಯಿಂದ, ನಾಲ್ವರ ಮುಂದೆ ತಲೆತಗ್ಗಿಸಲಾರದ ದಕ್ಷಿಣ ಭಾರತೀಯ ಸ್ವಭಾವದಿಂದ ವಿವರಿಸಲು ಒಲಿಯುತ್ತಾರೆ. ಲಜ್ಜೆ ನಮ್ಮೊಬ್ಬರ ಸೊತ್ತೇನು? ಹಾರ್ಡಿಯವರು ಆಂಗ್ಲರು, ಕೀರ್ತಿವಂತರು, ಕ್ರಿಕೆಟ್ ಪ್ರೇಮಿಗಳು. ಅವರು 1947ರಲ್ಲಿ, ತಮ್ಮ ಕೊನೆಯ ವರ್ಷದಲ್ಲಿ, ತಾವೂ ಪ್ರಾಣ ಬಿಡಲು ಯತ್ನಿಸಿ ವಿಫಲರಾದರೆಂದು ಅವರ ಆಪ್ತ ಸಿ. ಪಿ. ಸ್ನೋ ಬರೆದಿದ್ದಾರೆ. ಹಾರ್ಡಿಯವರ ಆತ್ಮವೃತ್ತಾಂತದಂಥ ಪುಸ್ತಕದ 1967ರ ಮುದ್ರಣಕ್ಕೆ ಸ್ನೋ ಬರೆದ ಮುನ್ನುಡಿಯಲ್ಲಿ ಅದು ದೊರೆಯುತ್ತದೆ. ಶಿಷ್ಯನನ್ನು ಪೊಲೀಸರಿಂದ ಬಿಡಿಸಿ ತಂದವರು ಮೂವತ್ತು ವರ್ಷಗಳ ತರುವಾಯ ಅದೇ ಅಂಚಿಗೆ ಬಂದು ನಿಂತರು. ಇಲ್ಲಿ ಕುಂಭಕೋಣವೂ ಇಲ್ಲ, ಕೇಂಬ್ರಿಡ್ಜೂ ಇಲ್ಲ. ಕುಗ್ಗಿದ ಮನಸ್ಸು ಮಾತ್ರ ಇದೆ.

ಈ ಗ್ರಂಥವನ್ನಾಧರಿಸಿ 2015ರಲ್ಲಿ ಬಂದ ಆಂಗ್ಲ ಚಲನಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ಹಾರ್ಡಿಯ ಪಾತ್ರಧಾರಿ ಜೆರೆಮಿ ಐರನ್ಸ್ ಅವರ ಅಭಿನಯ ಘನವಾದುದೇ. ಆದರೆ ಆಗ ನಟರ ವಯಸ್ಸು ಅರವತ್ತೈದನ್ನು ದಾಟಿತ್ತು. 1914ರಲ್ಲಿ ಹಾರ್ಡಿಯವರಿಗೆ ಮೂವತ್ತೇಳು, ರಾಮಾನುಜನ್ನರಿಗೆ ಇಪ್ಪತ್ತಾರು. ಅಣ್ಣ ತಮ್ಮಂದಿರಷ್ಟೇ ಅಂತರವಿದ್ದವರನ್ನು ಚಿತ್ರವು ತಂದೆ ಮಗನನ್ನಾಗಿ ಮಾಡಿತು. ಇದರಿಂದ ಒಂದು ಸತ್ಯ ಮರೆಯಾಯಿತು. ದಿನವೂ ಗಣಿತವನ್ನು ಹಂಚಿಕೊಳ್ಳುತ್ತಿದ್ದ ಆ ಇಬ್ಬರು ಒಂಟಿ ತರುಣರು, ಊಟವಾಯಿತೇ, ನಿದ್ರೆ ಬಂತೇ, ಮನೆಯಿಂದ ಕಾಗದ ಬಂತೇ ಎಂದು ಪರಸ್ಪರ ಕೇಳಲಾರದವರಾಗಿದ್ದರು. ದಿನಕ್ಕೆ ಅರ್ಧ ಡಜನ್ ಹೊಸ ಪ್ರಮೇಯಗಳನ್ನು ತೋರಿಸುವವನನ್ನು ಬೇರೆ ಪ್ರಶ್ನೆಗಳಿಂದ ಪೀಡಿಸುವುದು ಹಾಸ್ಯಾಸ್ಪದವೆನಿಸಿತ್ತೆಂಬ ಅರ್ಥದ ಮಾತನ್ನು ಹಾರ್ಡಿಯವರೇ ಬರೆದಿದ್ದಾರೆ. ಇನ್ನು, ಹತ್ತು ವರ್ಷದ ಹುಡುಗಿಯಾಗಿ 1909ರಲ್ಲಿ ಮದುವೆಯಾದ ಜಾನಕಿಯವರನ್ನು ಚಿತ್ರವು ಪ್ರೌಢ ಸುಂದರಿಯನ್ನಾಗಿಸಿ ಸಮುದ್ರತೀರದಲ್ಲಿ ವಿರಹ ಪಡುವಂತೆ ಮಾಡಿದೆ. ಪ್ರೇಕ್ಷಕರಿಗೆ ಇದು ಬೇಕು, ಚರಿತ್ರೆಗೆ ಬೇಡ.

ಪ್ರತಿಭೆಯೂ ಮನೋವ್ಯಾಧಿಯೂ ಒಂದೇ ಬಳ್ಳಿಯ ಕಾಯಿಗಳೆಂಬ ನಂಬಿಕೆಯೊಂದು ಓದಿದವರಲ್ಲೂ ಇದೆ. ವ್ಯಾಧಿಯನ್ನು ಮುಚ್ಚಿಡುವುದು ಒಂದು ಅಪಚಾರವಾದರೆ, ಅದನ್ನು ಪ್ರತಿಭೆಯ ಆಭರಣವೆಂದು ತೊಡಿಸುವುದು ಇನ್ನೊಂದು. ರಾಮಾನುಜನ್ನರ ಕೆಲಸವನ್ನೇ ನೋಡಿ. 4 ಎಂಬ ಸಂಖ್ಯೆಯನ್ನು ಕೂಡಿಕೆಯಾಗಿ ಐದು ಬಗೆಯಲ್ಲಿ ಬರೆಯಬಹುದು: 4, 3+1, 2+2, 2+1+1, 1+1+1+1. 9ಕ್ಕೆ ಇಂಥ ಬಗೆಗಳು 30, 14ಕ್ಕೆ 135. ನಾಲ್ಕರಲ್ಲೋ ಒಂಬತ್ತರಲ್ಲೋ ಮುಗಿಯುವ ಯಾವ ಸಂಖ್ಯೆಯನ್ನು ತೆಗೆದುಕೊಂಡರೂ ಈ ಬಗೆಗಳ ಲೆಕ್ಕ ಐದರಿಂದ ಭಾಗವಾಗುತ್ತದೆಂದು ಕಂಡವರು ಅವರು. ಮೊಮ್ಮಕ್ಕಳೊಡನೆ ಕುಳಿತು 9ರ ಪಟ್ಟಿಯನ್ನು ಬರೆದು ನೋಡಿರಿ, ಸೊಗಸು ತಿಳಿಯುತ್ತದೆ. ಇದು ಶ್ರಮದ, ಸೂಕ್ಷ್ಮದೃಷ್ಟಿಯ ಫಲ. ರೋಗವು ಇದನ್ನು ಕೊಡಲಿಲ್ಲ. ರೋಗವು ಇಂಥದನ್ನು ಮಾಡುವ ದಿನಗಳನ್ನು ಕಸಿದುಕೊಂಡಿತು.

ಅಮೆರಿಕದ ಜಾನ್ ನ್ಯಾಶ್ ಅವರ ಚರಿತ್ರೆಗೂ ಇದೇ ಗತಿಯಾಯಿತು. ಸಿಲ್ವಿಯಾ ನಾಸರ್ 1998ರಲ್ಲಿ ಬರೆದ ‘ಎ ಬ್ಯೂಟಿಫುಲ್ ಮೈಂಡ್’ ಗ್ರಂಥವು ಸ್ಕಿಜೋಫ್ರೇನಿಯಾ ಒಂದು ಸಂಸಾರವನ್ನು ಹೇಗೆ ಅರೆಯುತ್ತದೆಂದು ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ: ಬಲವಂತದ ಆಸ್ಪತ್ರೆವಾಸ, 1963ರ ವಿಚ್ಛೇದನ, ವಿಚ್ಛೇದಿತ ಪತ್ನಿ ಅಲಿಷಿಯಾ 1970ರಲ್ಲಿ ಆತನಿಗೆ ಮತ್ತೆ ಮನೆಯಲ್ಲಿ ಇರಲು ಜಾಗ ಕೊಟ್ಟದ್ದು, 1994ರ ನೊಬೆಲ್. 2001ರ ಚಲನಚಿತ್ರದಲ್ಲಿ ವಿಚ್ಛೇದನವೇ ಇಲ್ಲ. ಕಿವಿಗೆ ಕೇಳುತ್ತಿದ್ದ ಧ್ವನಿಗಳ ಜಾಗದಲ್ಲಿ ಕಣ್ಣಿಗೆ ಕಾಣುವ ಕಲ್ಪಿತ ಗೆಳೆಯನಿದ್ದಾನೆ. ನ್ಯಾಶ್ 1970ರ ಬಳಿಕ ಔಷಧ ತೆಗೆದುಕೊಳ್ಳಲಿಲ್ಲ, ಆದರೆ ಚಿತ್ರದ ನ್ಯಾಶ್ ಹೊಸ ಔಷಧಗಳನ್ನು ಸೇವಿಸುತ್ತಿದ್ದೇನೆ ಎನ್ನುತ್ತಾನೆ. ನೋಡಿದ ರೋಗಿಗಳು ಮಾತ್ರೆ ಬಿಟ್ಟುಬಿಡದಿರಲೆಂಬ ಸದುದ್ದೇಶದ ಸುಳ್ಳಾದರೆ ಅದನ್ನು ನಾವು ಕ್ಷಮಿಸುತ್ತೇವೆ. ಒಬ್ಬ ನ್ಯಾಶ್ ಚೇತರಿಸಿಕೊಂಡನೆಂದು ವೈದ್ಯರ ಮಾತು ಮೀರುವವರು ಉಳಿದವರ ಕಥೆಯನ್ನೂ ಕೇಳಬೇಕು.

ಉಳಿದವರಲ್ಲಿ ಒಬ್ಬರು ಬಿಹಾರದ ವಶಿಷ್ಠ ನಾರಾಯಣ ಸಿಂಗ್. 1969ರಲ್ಲಿ ಬರ್ಕ್ಲಿಯಿಂದ ಡಾಕ್ಟರೇಟ್ ಪಡೆದು, ಕಾನ್ಪುರದ ಐಐಟಿಯಲ್ಲಿ ಪಾಠ ಹೇಳಿದ ಇವರನ್ನು ಸ್ಕಿಜೋಫ್ರೇನಿಯಾ ಹಿಡಿಯಿತು. 1989ರಲ್ಲಿ ರೈಲು ಪ್ರಯಾಣದ ನಡುವೆ ಕಾಣೆಯಾದವರು ನಾಲ್ಕು ವರ್ಷಗಳ ಮೇಲೆ ದೀನಸ್ಥಿತಿಯಲ್ಲಿ ಸಿಕ್ಕಿದರು. ಆಮೇಲೆ ಅವರಿಗೆ ಚಿಕಿತ್ಸೆ ದೊರೆತದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. 2019ರ ನವೆಂಬರ್ 14ರಂದು ಪಾಟ್ನಾದಲ್ಲಿ ತೀರಿಕೊಂಡರು. ಪದ್ಮಶ್ರೀ ಮರಣಾನಂತರ ಬಂತು. ಅವರ ಬಗ್ಗೆ ಹರಿದಾಡುವ ಬರಹಗಳನ್ನು ಓದಿದರೆ ಬೇಸರವಾಗುತ್ತದೆ. ಐನ್‌ಸ್ಟೈನರಿಗೆ ಸವಾಲೆಸೆದರಂತೆ, ನಾಸಾದ ಗಣಕಯಂತ್ರಗಳು ನಿಂತಾಗ ಬಾಯಲ್ಲೇ ಲೆಕ್ಕ ಹಾಕಿದರಂತೆ! ಆಧಾರವಿಲ್ಲದ ಈ ‘ಅಂತೆ’ಗಳ ನಡುವೆ, ಮೂವತ್ತು ನಲವತ್ತು ವರ್ಷ ಅವರಿಗೆ ಅನ್ನವಿಟ್ಟ ತಾಯಿ ಹಾಗೂ ತಮ್ಮಂದಿರ ಸಂಸಾರಗಳಿಗೆ ಒಂದು ಸಾಲೂ ಸಿಗುವುದಿಲ್ಲ.

ಆ ಚಲನಚಿತ್ರ ಬಂದ 2001ರಲ್ಲೇ, ಆಗಸ್ಟ್ 6ರಂದು, ನಮ್ಮ ರಾಜ್ಯದ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಸರಪಳಿಯಿಂದ ಬಿಗಿದಿದ್ದ 28 ಮಂದಿ ಮನೋರೋಗಿಗಳು ಬೆಂಕಿಗೆ ಆಹುತಿಯಾದರು. ಅವರಲ್ಲಿ ಲೆಕ್ಕದಲ್ಲಿ ಜಾಣರೆಷ್ಟು ಮಂದಿ ಇದ್ದರೋ! ನಮ್ಮ ಸೇವಾವಧಿಯಲ್ಲಿ ಕಂಡ ಒಬ್ಬ ಹುಡುಗ ನೆನಪಾಗುತ್ತಾನೆ. ಮಗ್ಗದ ಮನೆಯ ಮಗ, ರೇಖಾಗಣಿತದಲ್ಲಿ ಶಿಕ್ಷಕರನ್ನೇ ತಿದ್ದುವಷ್ಟು ಚುರುಕು. ಹನ್ನೊಂದನೆಯ ತರಗತಿಯಲ್ಲಿ ಮಾತು ಬಿಟ್ಟ. ರಜೆಯ ಅರ್ಜಿಯಲ್ಲಿ ಹೊಟ್ಟೆನೋವೆಂದು ಬರೆದಿತ್ತು. ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಮನೆಯವರು ಎರಡು ವರ್ಷ ಊರೂರಿನ ಹರಕೆಗಳಲ್ಲಿ ಕಳೆದರು. ವೈದ್ಯರ ಬಳಿಗೆ ಹೋದದ್ದು ಆಮೇಲೆ. ದೇವರಿಗೆ ಹರಕೆ ಹೊರುವುದನ್ನು ನಾವು ಬೇಡವೆನ್ನುವವರಲ್ಲ. ರಾಮಾನುಜನ್ನರ ನಾಮಗಿರಿ ಭಕ್ತಿಯನ್ನು ಕೊಂಡಾಡುವ ಹೊತ್ತಿಗೆಗಳು ಆ ನಿಲ್ದಾಣದ ಸಂಗತಿಯನ್ನೂ ಹೇಳಿದ್ದರೆ, ಇಂಥ ಅಣ್ಣನೊಬ್ಬನಿರುವುದು ನಾಚಿಕೆಯ ವಿಷಯವಲ್ಲವೆಂದು ಆ ಮನೆಗೆ ಹೊಳೆಯುತ್ತಿತ್ತೋ ಏನೋ. ಈಗ ಕಾನೂನೂ ಬದಲಾಗಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ, ಪ್ರಾಣ ಬಿಡಲೆತ್ನಿಸಿದವರನ್ನು ತೀವ್ರ ಮನೋವೇದನೆಗೊಳಗಾದವರೆಂದೇ ಪರಿಗಣಿಸಬೇಕೆಂದು ಹೇಳಿದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಟ್ಯಾಕ್ಸಿಯ ಸಂಖ್ಯೆಯೊಡನೆ ಇದನ್ನೂ ಮಕ್ಕಳು ಬಾಯಿಪಾಠ ಮಾಡಿದರೆ ನಷ್ಟವಿಲ್ಲ.

ಕನಿಗೆಲ್ಲರ ಗ್ರಂಥದಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಭಾಗ ಕೊನೆಯ ವರ್ಷದ್ದು. 1919ರಲ್ಲಿ ಊರಿಗೆ ಮರಳಿದ ರಾಮಾನುಜನ್ನರು ಹಟಮಾರಿ ರೋಗಿ; ಚಿಕಿತ್ಸೆಗೆ ಒಡ್ಡಿಕೊಳ್ಳುತ್ತಿರಲಿಲ್ಲ. ಕೊಡುಮುಡಿ, ಕುಂಭಕೋಣ, ಕಡೆಗೆ ಮದರಾಸಿನ ಚೇತುಪಟ್ಟು. ಈ ಹಾದಿಯುದ್ದಕ್ಕೂ ಜೊತೆಗಿದ್ದವರು ಇನ್ನೂ ಎಳೆಯ ವಯಸ್ಸಿನ ಜಾನಕಿ. ನೋವು ಬಂದಾಗ ಬಿಸಿನೀರಿನ ಶಾಖ ಕೊಡುವುದು, ಕೇಳಿದಾಗ ಕಾಗದ ಒದಗಿಸುವುದು, ಬರೆದ ಹಾಳೆಗಳನ್ನು ಎತ್ತಿಡುವುದು ಅವರ ಕೆಲಸ. ನೀನು ಜೊತೆಗೆ ಬಂದಿದ್ದರೆ ನನಗೆ ಈ ಕಾಯಿಲೆ ಬರುತ್ತಿರಲಿಲ್ಲವೆಂಬರ್ಥದ ಮಾತನ್ನು ಗಂಡ ಆಡಿದ್ದುದನ್ನು ಅವರು ಮುಪ್ಪಿನಲ್ಲಿ ನೆನಪಿಸಿಕೊಂಡರು. 1920ರ ಏಪ್ರಿಲ್ 26ರಂದು ವಿಧವೆಯಾದ ಜಾನಕಿಯಮ್ಮಾಳ್ ಹೊಲಿಗೆ ಕಲಿತು, ತಿರುವಲ್ಲಿಕೇಣಿಯಲ್ಲಿ ಬಟ್ಟೆ ಹೊಲಿದು ಬದುಕಿ, ಒಬ್ಬ ಹುಡುಗನನ್ನು ಸಾಕಿ ಬೆಳೆಸಿದರು. ಗಂಡನ ಪ್ರತಿಮೆ ಮಾಡಿಸುತ್ತೇವೆಂದು ಎಂದೋ ಕೊಟ್ಟ ಮಾತು ಈಡೇರಲಿಲ್ಲವೆಂದು ಅವರು ನೊಂದು ನುಡಿದದ್ದು ತಿಳಿದ ಮೇಲೆ, ಅಮೆರಿಕದ ಗಣಿತಜ್ಞ ರಿಚರ್ಡ್ ಆಸ್ಕಿ ಜಗತ್ತಿನ ಗಣಿತಜ್ಞರಿಂದ ಹಣ ಕೂಡಿಸಿ ಎದೆಮಟ್ಟದ ಕಂಚಿನ ಪ್ರತಿಮೆಯನ್ನು ಮಾಡಿಸಿ ಕಳುಹಿಸಿದರು. ಅವರು ತೀರಿಕೊಂಡದ್ದು 1994ರಲ್ಲಿ.