ವ್ಯಾಟ್ ಎಷ್ಟು ಅಂತ ಕೇಳಿ

ಹೊಸ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡು ಇವತ್ತಿಗೆ ಮೂರು ವಾರ. ವಿಷಯ ಗೊತ್ತಾದ ಗೆಳೆಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಗ್ರಾಫಿಕ್ಸ್ ಕಾರ್ಡ್ ಯಾವ್ದು?" ನಾನು "4060" ಅಂದ ಕೂಡಲೇ "ಸೂಪರ್ ಬಿಡು ಗುರು" ಅಂತ ಮಾತು ಮುಗಿಸ್ತಾರೆ. ಕೊಳ್ಳುವ ಮುಂಚೆ ನಾನೂ ಅಷ್ಟೇ ಕೇಳುತ್ತಿದ್ದೆ. ಈಗ ಅನ್ನಿಸೋದು ಏನಪ್ಪಾ ಅಂದ್ರೆ, ಆ ಪ್ರಶ್ನೆ ಅರ್ಧ ಮಾತ್ರ. ಇನ್ನರ್ಧ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಹೇಳಿಕೊಡಲಿಲ್ಲ, ಡಬ್ಬದ ಮೇಲೂ ಬರೆದಿರಲಿಲ್ಲ.

ಯಂತ್ರದ ಕಂಪನಿ ಯಾವುದು ಅನ್ನೋದು ಇಲ್ಲಿ ಬೇಡ. ನಾನು ಹೇಳೋ ಮಾತು ಈ ಬೆಲೆಯ ಬೇರೆ ಯಂತ್ರ ನೋಡುತ್ತಿರುವವರಿಗೂ ಬೇಕಾದದ್ದು. 15.6 ಇಂಚಿನ 144 ಹರ್ಟ್ಜ್ ಪರದೆ, ಇಂಟೆಲ್ ಕೋರ್ ಐ7-13650ಎಚ್‌ಎಕ್ಸ್ ಪ್ರೊಸೆಸರ್, ಎನ್‌ವಿಡಿಯಾ ಆರ್‌ಟಿಎಕ್ಸ್ 4060, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಕೊಟ್ಟದ್ದು 1,06,000 ರೂಪಾಯಿ. ಅದರಲ್ಲಿ 16 ಸಾವಿರದಷ್ಟು ಶೇಕಡಾ 18ರ ಜಿಎಸ್‌ಟಿಯೇ. ಎರಡು ವರ್ಷ ಕೂಡಿಟ್ಟ ದುಡ್ಡು. ಹಾಗಾಗಿ ಇದು ಚೆನ್ನಾಗಿದೆ ಅಂತ ನನಗೆ ನಾನೇ ಹೇಳಿಕೊಳ್ಳುವ ಆಸೆ ಜೋರಾಗೇ ಇದೆ. ಆ ಆಸೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಬರೆಯೋ ಪ್ರಯತ್ನ ಇದು.

ಮೊದಲು ಆ ಬಿಟ್ಟುಹೋದ ಅರ್ಧ ಪ್ರಶ್ನೆ. ಬೋರ್‌ವೆಲ್‌ಗೆ ಮೋಟಾರು ತರೋಕೆ ಹೋದ ರೈತ ಕಂಪನಿ ಹೆಸರು ಕೇಳೋಕೂ ಮುಂಚೆ "ಎಷ್ಟು ಎಚ್‌ಪಿ?" ಅಂತ ಕೇಳ್ತಾನೆ. ಮೂರು ಎಚ್‌ಪಿಗೂ ಏಳೂವರೆ ಎಚ್‌ಪಿಗೂ ಒಂದೇ ಹೆಸರಿಟ್ಟು ಮಾರಿದರೆ ಅಂಗಡಿಯವನನ್ನು ಸುಮ್ಮನೆ ಬಿಡಲ್ಲ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ ವಿಷಯದಲ್ಲಿ ನಡೆಯುತ್ತಿರುವುದು ಹೆಚ್ಚುಕಮ್ಮಿ ಇದೇ. ಲ್ಯಾಪ್‌ಟಾಪಿನ 4060ಕ್ಕೆ ಎನ್‌ವಿಡಿಯಾ ಕೊಟ್ಟಿರುವ ವಿದ್ಯುತ್ ಮಿತಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ. ಇದನ್ನು ಟಿಜಿಪಿ ಅಂತಾರೆ. ಆ ಮಿತಿಯೊಳಗೆ ಎಷ್ಟು ಕೊಡಬೇಕು ಅನ್ನೋದು ಲ್ಯಾಪ್‌ಟಾಪ್ ಮಾಡುವವರಿಗೆ ಬಿಟ್ಟದ್ದು. ತೆಳ್ಳಗಿನ ಯಂತ್ರದಲ್ಲಿ ಕಡಿಮೆ ಕೊಡ್ತಾರೆ, ದಪ್ಪ ಯಂತ್ರದಲ್ಲಿ ಹೆಚ್ಚು. ಮೇಲೆ ಅಂಟಿಸೋ ಸ್ಟಿಕ್ಕರ್ ಮಾತ್ರ ಎರಡಕ್ಕೂ ಒಂದೇ.

ಹಿಂದೆ ಹೀಗಿರಲಿಲ್ಲ. 2017ರಲ್ಲಿ ಬಂದ ಕಡಿಮೆ ವ್ಯಾಟ್‌ನ ಚಿಪ್‌ಗಳಿಗೆ ಹೆಸರಿನ ಕೊನೆಗೆ "ಮ್ಯಾಕ್ಸ್-ಕ್ಯೂ" ಅಂತ ಬಾಲ ಇರುತ್ತಿತ್ತು. ಆ ಬಾಲ ಕಂಡರೆ, ಇದು ಸ್ವಲ್ಪ ನಿಧಾನದ್ದು ಅಂತ ಗೊತ್ತಾಗುತ್ತಿತ್ತು. 2021ರ 30 ಸರಣಿಯಿಂದ ಹೆಸರಿನ ಜೊತೆಗಿನ ಆ ಬಾಲ ಹೋಯಿತು. ದೊಡ್ಡ ಚಿಪ್‌ಗಳ ಕತೆ ಇನ್ನೂ ಒಂದು ಹೆಜ್ಜೆ ಮುಂದೆ. ಲ್ಯಾಪ್‌ಟಾಪಿನ 4070ರಲ್ಲಿ ಇರೋದು 8 ಜಿಬಿ ಮೆಮೊರಿ, ಡೆಸ್ಕ್‌ಟಾಪಿನ 4070ರಲ್ಲಿ 12. ಲ್ಯಾಪ್‌ಟಾಪಿನ 4090ರ ಒಳಗಿನ ಚಿಪ್ಪೇ ಬೇರೆ, ಮೆಮೊರಿ ಡೆಸ್ಕ್‌ಟಾಪಿನಲ್ಲಿ 24 ಜಿಬಿ ಇದ್ದರೆ ಇದರಲ್ಲಿ 16. ಈ ಲೆಕ್ಕದಲ್ಲಿ ನನ್ನ 4060ದು ಪ್ರಾಮಾಣಿಕ ಹೆಸರು: ಎರಡರಲ್ಲೂ 3072 ಕೋರ್, ಎರಡರಲ್ಲೂ 8 ಜಿಬಿ. ಉಳಿದದ್ದು ವ್ಯಾಟ್ ಪ್ರಶ್ನೆ ಒಂದೇ.

ಅಂಗಡಿಯಲ್ಲಿ ನಾನು ಅದನ್ನು ಕೇಳಿದಾಗ ಆ ಹುಡುಗ ಚಾರ್ಜರ್ ತಿರುಗಿಸಿ ನೋಡಿ "230 ವ್ಯಾಟ್ ಸರ್" ಅಂದ. ಪಾಪ, ಅವನದೇನೂ ತಪ್ಪಿಲ್ಲ. ಅಲ್ಲೇ ನಿಂತು ಮೊಬೈಲಿನಲ್ಲಿ ಕಂಪನಿಯ ಮಾಹಿತಿ ಪುಟ ತೆರೆದು ಕೊನೆತನಕ ಜಾರಿಸಿದ ಮೇಲೆ ಸಿಕ್ಕಿತು: 140. ಅಂದರೆ 115, ಅದರ ಮೇಲೆ ಪ್ರೊಸೆಸರ್ ಬಿಡುವಾಗಿದ್ದಾಗ ಅದರ ಪಾಲಿನಿಂದ ಎರವಲು ತಗೊಳ್ಳೋ 25. ಖುಷಿಯಿಂದ ತಂದೆ. ಮೂರು ವಾರ ಆಟ ಆಡಿದೆ. ಅಳೆಯೋ ಸಾಫ್ಟ್‌ವೇರ್‌ನಲ್ಲಿ ನಾನು ಕಂಡ ಅತಿ ಹೆಚ್ಚು ಸಂಖ್ಯೆ 105ರ ಆಸುಪಾಸು. 140 ಒಂದು ಸಲವೂ ಕಾಣಲಿಲ್ಲ.

ಇನ್ನು ಸೆಕೆಯ ವಿಷಯ. ನಾನು ಸೋಮವಾರದಿಂದ ಶುಕ್ರವಾರದ ತನಕ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ, ಶನಿವಾರ ಭಾನುವಾರ ದಾವಣಗೆರೆಯ ಮನೆಯಲ್ಲಿ. ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ತಗೊಂಡಿದ್ದೂ ಇದೇ ಕಾರಣಕ್ಕೆ. ಕೊಂಡದ್ದು ಏಪ್ರಿಲ್ ತಿಂಗಳಲ್ಲಿ. ಹಾಗಾಗಿ ಕೇಳದೇ ಒಂದು ಪರೀಕ್ಷೆ ತಾನಾಗೇ ನಡೆದುಹೋಯಿತು: ಅದೇ ಯಂತ್ರ, ಅದೇ ಆಟ, ಅದೇ ಸೆಟ್ಟಿಂಗ್, ಊರು ಮಾತ್ರ ಎರಡು. ರಾತ್ರಿ ಒಂಬತ್ತಕ್ಕೆ ಬೆಂಗಳೂರಿನ ರೂಮಿನಲ್ಲಿ 28 ಡಿಗ್ರಿ. ದಾವಣಗೆರೆಯಲ್ಲಿ ಮಧ್ಯಾಹ್ನ ಫ್ಯಾನ್ ಕೆಳಗೆ 35.

ಆಟ ಸೈಬರ್‌ಪಂಕ್ 2077. 2020ರಲ್ಲಿ ಬಂದದ್ದಾದರೂ ಇವತ್ತಿಗೂ ಯಂತ್ರದ ಬೆವರಿಳಿಸುತ್ತೆ. ರೇ ಟ್ರೇಸಿಂಗ್ ಆಫ್ ಮಾಡಿ ಉಳಿದದ್ದೆಲ್ಲ ಹೈನಲ್ಲಿ ಇಟ್ಟೆ. ಟರ್ಬೊ ಮೋಡ್‌ನಲ್ಲಿ ಬೆಂಗಳೂರಲ್ಲಿ ಸರಾಸರಿ ಸೆಕೆಂಡಿಗೆ 82 ಫ್ರೇಮ್, ಗ್ರಾಫಿಕ್ಸ್ ಚಿಪ್ 78 ಡಿಗ್ರಿ. ದಾವಣಗೆರೆಯಲ್ಲಿ 77 ಫ್ರೇಮ್, 86 ಡಿಗ್ರಿ. ಪ್ರೊಸೆಸರ್ ಅಂತೂ ಆಗಾಗ 100 ಮುಟ್ಟಿ ಬರುತ್ತಿತ್ತು. ಆ ಚಿಪ್‌ಗೆ ಇಂಟೆಲ್ ಇಟ್ಟಿರುವ ಗರಿಷ್ಠ ಮಿತಿಯೇ 100. ಅದನ್ನು ಮುಟ್ಟಿದ ಕೂಡಲೇ ವೇಗ ತಗ್ಗಿಸಿಕೊಳ್ಳುತ್ತೆ.

ಇದರಲ್ಲಿ ಆಶ್ಚರ್ಯ ಏನಿಲ್ಲ. ಲ್ಯಾಪ್‌ಟಾಪಿನ ಫ್ಯಾನ್ ತಂಪು ತಯಾರು ಮಾಡಲ್ಲ. ರೂಮಿನ ಗಾಳಿಯನ್ನೇ ಒಳಗೆ ಎಳೆದು, ತಾಮ್ರದ ಕೊಳವೆ ಹೊತ್ತು ತಂದ ಬಿಸಿಯನ್ನು ಹೊರಗೆ ಹಾಕುತ್ತೆ. ಒಳಗೆ ಹೋಗೋ ಗಾಳಿ ಏಳು ಡಿಗ್ರಿ ಬಿಸಿ ಇದ್ದರೆ ಚಿಪ್ಪೂ ಅಷ್ಟರಮಟ್ಟಿಗೆ ಬಿಸಿ. ಕೊಳ್ಳುವ ಮುಂಚೆ ನಾನು ನೋಡಿದ ಹತ್ತಾರು ವಿಡಿಯೋಗಳಲ್ಲಿ ಫ್ರೇಮ್ ಎಷ್ಟು, ಚಿಪ್ ಬಿಸಿ ಎಷ್ಟು ಎಲ್ಲ ಹೇಳಿದ್ದರು. ರೂಮಿನ ಬಿಸಿ ಎಷ್ಟಿತ್ತು ಅಂತ ಹೇಳಿದವರು ತೀರಾ ಕಡಿಮೆ. ಎಸಿ ರೂಮಿನಲ್ಲಿ ಕೂತು ಅಳೆದ ಸಂಖ್ಯೆ ದಾವಣಗೆರೆಗೆ, ರಾಯಚೂರಿಗೆ, ಕಲಬುರಗಿಗೆ ಹೊಂದಲ್ಲ. ನಮ್ಮ ಕಡೆಯವರು ಇಂಥ ವಿಮರ್ಶೆ ಮಾಡುವಾಗಲಾದರೂ ಆ ಒಂದು ಸಂಖ್ಯೆ ಸೇರಿಸಬೇಕು ಅನ್ನೋದು ನನ್ನ ಕೋರಿಕೆ.

ಸದ್ದು ಇನ್ನೊಂದು. ಟರ್ಬೊ ಒತ್ತಿದ ಹತ್ತು ಸೆಕೆಂಡಿಗೆ ಶುರುವಾಗುತ್ತೆ. ಮೊದಲ ಶನಿವಾರ ಅಡುಗೆಮನೆಯಿಂದ ಅಮ್ಮ ಕೂಗಿದರು: "ಏನೋ ಅದು, ಗಿರಣಿ ಚಾಲೂ ಆದಂಗೈತಿ!" ನಾನು ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಮೂರನೇ ಸಲ ಕೂಗಿದಾಗ ಕೇಳಿಸಿತು. ಸಮಸ್ಯೆ ಇರೋದೇ ಅಲ್ಲಿ. ಹೆಡ್‌ಫೋನ್ ಹಾಕಿಕೊಂಡರೆ ಸದ್ದು ಕೇಳಿಸಲ್ಲ ಅಂತ ವಿಮರ್ಶಕರು ಸಲೀಸಾಗಿ ಹೇಳಿಬಿಡ್ತಾರೆ. ಆಡುವವನಿಗೆ ಕೇಳಿಸಲ್ಲ, ನಿಜ. ಅದೇ ರೂಮಿನಲ್ಲಿ ಮಲಗಿರುವ ರೂಮ್‌ಮೇಟ್‌ಗೆ? ಬೆಳಿಗ್ಗೆ ಆರಕ್ಕೆ ಶಿಫ್ಟ್ ಇರುವ ನಮ್ಮ ರೂಮ್‌ಮೇಟ್ ಎರಡು ರಾತ್ರಿ ಸುಮ್ಮನಿದ್ದ. ಮೂರನೇ ರಾತ್ರಿ "ಮಗಾ, ನಾನು ಮಲಗ್ಲೋ ಬೇಡ್ವೋ?" ಅಂದ.

ಅವನ ಆ ಪ್ರಶ್ನೆಯಿಂದಲೇ ನಾನು ಈ ಯಂತ್ರವನ್ನು ಸರಿಯಾಗಿ ಬಳಸೋಕೆ ಕಲಿತದ್ದು. ಮೋಡ್ ಬದಲಿಸಿ ಬ್ಯಾಲೆನ್ಸ್ಡ್‌ಗೆ ತಂದೆ. ಇದರಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಸಿಗೋದು 75 ವ್ಯಾಟ್. ಅದೇ ಆಟ ಬೆಂಗಳೂರಲ್ಲಿ 74 ಫ್ರೇಮ್, ದಾವಣಗೆರೆಯಲ್ಲಿ 73. ಮತ್ತೊಮ್ಮೆ ಓದಿ ನೋಡಿ. 30 ವ್ಯಾಟ್ ಕಡಿಮೆ ಮಾಡಿದ್ದಕ್ಕೆ ಬೆಂಗಳೂರಲ್ಲಿ ಹೋದದ್ದು 8 ಫ್ರೇಮ್, ದಾವಣಗೆರೆಯಲ್ಲಿ ನಾಲ್ಕೇ. ನನ್ನ ಕಣ್ಣಿಗೆ ಆ ವ್ಯತ್ಯಾಸ ಗೊತ್ತೇ ಆಗಲಿಲ್ಲ, ಪಕ್ಕದವರ ಕಿವಿಗೆ ಚೆನ್ನಾಗಿ ಗೊತ್ತಾಯಿತು. ಗಿರಣಿ ಹೋಗಿ ಟೇಬಲ್ ಫ್ಯಾನ್ ಆಯಿತು. ಸೈಲೆಂಟ್ ಮೋಡ್‌ನಲ್ಲಿ 57ಕ್ಕೆ ಇಳಿಯಿತು. ಅದು ಸ್ವಲ್ಪ ಅತಿಯಾಯಿತು ಅನ್ನಿಸಿ ಬಿಟ್ಟೆ.

ಆಮೇಲೆ ಇನ್ನೊಂದು ಸಣ್ಣ ಕೆಲಸ ಮಾಡಿದೆ. ಫ್ರೇಮ್‌ಗಳನ್ನು 72ಕ್ಕೆ ಕಟ್ಟಿಹಾಕಿದೆ. ಯಾಕೆ 72 ಅಂದ್ರೆ, ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತೆ. 72 ಅದರ ಸರಿಯಾದ ಅರ್ಧ, ಹಾಗಾಗಿ ಪ್ರತಿ ಫ್ರೇಮೂ ಎರಡೆರಡು ಸಲ ಪರದೆ ಮೇಲೆ ನಿಲ್ಲುತ್ತೆ. 60ಕ್ಕೆ ಕಟ್ಟಿದರೆ ಲೆಕ್ಕ 2.4 ಬರುತ್ತೆ. ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ಅಂತ ಆಗಿ ಕ್ಯಾಮೆರಾ ತಿರುಗಿಸುವಾಗ ಸಣ್ಣಗೆ ಕುಲುಕಿದ ಹಾಗಾಗುತ್ತೆ. ಅಡಾಪ್ಟಿವ್ ಸಿಂಕ್ ಇರೋ ಪರದೆಯಾದರೆ ಈ ಲೆಕ್ಕ ಬೇಕಿಲ್ಲ, ನನ್ನದರಲ್ಲಿ ಅದಿಲ್ಲ. ನೆರಳಿನ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದ ಮೇಲೆ 72 ಅಲುಗಾಡದೆ ನಿಂತಿದೆ. ರೂಮ್‌ಮೇಟ್ ಮಲಗ್ತಾನೆ.

ಕರೆಂಟ್ ಹೋದಾಗ ಏನಾಗುತ್ತೆ ಅನ್ನೋದನ್ನೂ ಹೇಳಬೇಕು, ಬೇಸಿಗೆಯಲ್ಲವೇ. ಎರಡನೇ ಭಾನುವಾರ ಆಟದ ನಡುವೆ ಹೋಯಿತು. ಲ್ಯಾಪ್‌ಟಾಪ್ ಆಫ್ ಆಗಲಿಲ್ಲ, ಆದರೆ ಆಟ 30 ಫ್ರೇಮಿಗಿಂತ ಕೆಳಗೆ ಬಿದ್ದು ಎಮ್ಮೆ ನಡಿಗೆಗೆ ಬಂತು. ಕೆಟ್ಟುಹೋಯ್ತೇನೋ ಅಂತ ಎದೆ ಧಸಕ್ಕೆಂದಿತು. ಲೆಕ್ಕ ಹಾಕಿದರೆ ಅದು ಹಾಗೇ ಇರಬೇಕು. ಇದರ ಬ್ಯಾಟರಿ 60 ವ್ಯಾಟ್ ಅವರ್. ಟರ್ಬೊದಲ್ಲಿ ಇಡೀ ಯಂತ್ರ 180 ವ್ಯಾಟ್ ಎಳೆದರೆ ಇಪ್ಪತ್ತೇ ನಿಮಿಷ. ಬ್ಯಾಟರಿಗೆ ಅಷ್ಟು ಜೋರಾಗಿ ಕೊಡುವ ಶಕ್ತಿಯೂ ಇಲ್ಲ. ಅದಕ್ಕೇ ಯಂತ್ರ ತಾನಾಗಿ ಕೈ ಬಿಗಿ ಮಾಡುತ್ತೆ. ಅಂದರೆ ಗೇಮಿಂಗ್ ಲ್ಯಾಪ್‌ಟಾಪನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಆದರೆ ಎಲ್ಲಿ ಬೇಕಾದರೂ ಆಡೋಕಾಗಲ್ಲ. ರೈಲಿನಲ್ಲಿ ಬರೆಯೋಕೆ, ಸಿನಿಮಾ ನೋಡೋಕೆ ನಾಲ್ಕು ಗಂಟೆ ಬಂತು, ಅದಕ್ಕೆ ತಕರಾರಿಲ್ಲ. ಯಂತ್ರ 2.4 ಕೆಜಿ, ಇಟ್ಟಿಗೆಯಂಥ ಚಾರ್ಜರ್ ಸೇರಿದರೆ ಮೂರು ದಾಟುತ್ತೆ. ಭುಜಕ್ಕೆ ತಕರಾರಿದೆ.

ಉಳಿದದ್ದು ಚುಟುಕಾಗಿ. ಪರದೆಯ ಬಣ್ಣ ಚೆನ್ನಾಗಿದೆ. ಇದಕ್ಕಿಂತ ಅಗ್ಗದ ಯಂತ್ರಗಳಲ್ಲಿ ಬರುವ ಪೇಲವ ಪರದೆ ನೋಡಿ ಬೇಡ ಅಂದುಕೊಂಡು ಇದಕ್ಕೆ ಹೆಚ್ಚು ಕೊಟ್ಟದ್ದು ಸಾರ್ಥಕ. ಕೀಬೋರ್ಡ್ ಆಟಕ್ಕೂ ಬರವಣಿಗೆಗೂ ಹಿತ. ಪರದೆಯ ಬುಡದ ಪಟ್ಟಿ ಮಾತ್ರ ಮುಟ್ಟೋಕಾಗದಷ್ಟು ಸುಡುತ್ತೆ, ಅಂಗೈ ಇಡೋ ಜಾಗ ತಣ್ಣಗೇ ಇರುತ್ತೆ. 512 ಜಿಬಿ ಸಾಲಲ್ಲ. ವಿಂಡೋಸ್ ಲೆಕ್ಕದಲ್ಲಿ ಅದು 476. ರೆಡ್ ಡೆಡ್ ರಿಡೆಂಪ್ಶನ್ 2 ಒಂದೇ 150 ಕೇಳುತ್ತೆ, ಸೈಬರ್‌ಪಂಕ್ 70. ಮೂರ್ನಾಲ್ಕು ದೊಡ್ಡ ಆಟ ಹಾಕಿದರೆ ಮುಗೀತು. ಇನ್ನೊಂದು ಎಸ್‌ಎಸ್‌ಡಿ ಕೂರಿಸಲು ಒಳಗೆ ಜಾಗ ಇದೆ, ಜೇಬಿನಲ್ಲಿ ಸದ್ಯಕ್ಕಿಲ್ಲ.

ಈ ಮೂರು ವಾರದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಆಟ ಸೈಬರ್‌ಪಂಕ್ ಅಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ತಂದ 'ರಾಜಿ'. ಕಳೆದುಹೋದ ತಮ್ಮನನ್ನು ಹುಡುಕುತ್ತಾ ಹೊರಡುವ ಹುಡುಗಿಯ ಕತೆ. ನಡುನಡುವೆ ಕತೆಯನ್ನು ತೊಗಲುಗೊಂಬೆಯಂಥ ನೆರಳಾಟದಲ್ಲಿ ಹೇಳ್ತಾರೆ. ಅಮ್ಮ ಕೂಡ ಪಕ್ಕ ಬಂದು ನಿಂತು ಸ್ವಲ್ಪ ಹೊತ್ತು ನೋಡಿದರು. ಆ ಆಟಕ್ಕೆ ಈ ಯಂತ್ರದ ಬಹುಪಾಲು ಶಕ್ತಿ ಬೇಕೇ ಆಗಲಿಲ್ಲ. ಸೈಲೆಂಟ್ ಮೋಡ್‌ನಲ್ಲಿ, ಫ್ಯಾನ್ ಸದ್ದೇ ಇಲ್ಲದಷ್ಟು ಸಲೀಸಾಗಿ ಓಡಿತು. ಹಾಗಾದರೆ ಲಕ್ಷ ಕೊಟ್ಟದ್ದು ಯಾಕೆ ಅಂತ ಆ ರಾತ್ರಿ ಅನ್ನಿಸಿದ್ದು ಸುಳ್ಳಲ್ಲ.

ಉತ್ತರ ಈಗ ಸ್ವಲ್ಪ ಸ್ಪಷ್ಟವಾಗಿದೆ. ನಾನು ದುಡ್ಡು ಕೊಟ್ಟದ್ದು ಟರ್ಬೊಗೆ ಅಂದುಕೊಂಡಿದ್ದೆ. ನಿಜಕ್ಕೂ ಉಪಯೋಗಕ್ಕೆ ಬಂದದ್ದು ದೊಡ್ಡ ಫ್ಯಾನು, ದಪ್ಪ ದೇಹ, ಜಾಸ್ತಿ ತಾಮ್ರ. 140 ವ್ಯಾಟ್‌ಗೆ ಅಂತ ಮಾಡಿದ ಮೈಯಲ್ಲಿ 75 ವ್ಯಾಟ್ ಓಡಿಸಿದರೆ 35 ಡಿಗ್ರಿಯ ಮಧ್ಯಾಹ್ನವೂ ಅದು ಏದುಸಿರು ಬಿಡಲ್ಲ. ಅದೇ ತೆಳ್ಳಗಿನ ಯಂತ್ರ ತಗೊಂಡಿದ್ದರೆ, ಅದಕ್ಕೆ 75 ವ್ಯಾಟೇ ಕೊನೆಯ ಮಿತಿ ಆಗಿದ್ದಿದ್ದರೆ, ಈ ಬಿಡುವು ಇರುತ್ತಿರಲಿಲ್ಲ. ಹಾಗಾಗಿ ಕೊಂಡದ್ದಕ್ಕೆ ಪಶ್ಚಾತ್ತಾಪ ಇಲ್ಲ. ಬೇಕಾದದ್ದನ್ನೇ ಕೊಂಡಿದ್ದೇನೆ, ತಪ್ಪು ಕಾರಣಕ್ಕೆ.

ನೀವು ಕೊಳ್ಳೋಕೆ ಹೋದರೆ ಚಿಪ್ ಹೆಸರಿನ ಜೊತೆ ವ್ಯಾಟ್ ಕೇಳಿ. ಅಂಗಡಿಯವರು ಚಾರ್ಜರ್ ತೋರಿಸಿದರೆ ಬಿಡಬೇಡಿ, ಮಾಹಿತಿ ಪುಟದ ತಳತನಕ ಹೋಗಿ ನೋಡಿ. ಸಾಧ್ಯವಾದರೆ ಅಂಗಡಿಯಲ್ಲೇ ಟರ್ಬೊ ಹಾಕಿಸಿ ಐದು ನಿಮಿಷ ಕಿವಿ ಕೊಟ್ಟು ಕೇಳಿ. ದಿನಾ ಆಡೋಕೆ ಟರ್ಬೊ ಬೇಕಾಗಲ್ಲ, ಆದರೂ ಕೇಳಿ. ಮತ್ತೆ ನಿಮ್ಮೂರಿನ ಏಪ್ರಿಲ್ ಹೇಗಿರುತ್ತೆ ಅನ್ನೋದನ್ನು ಲೆಕ್ಕಕ್ಕೆ ತಗೊಳ್ಳಿ, ಅಂಗಡಿಯಲ್ಲಿ ಎಸಿ ಇರುತ್ತೆ.

ಫ್ಯಾನಿಗೆ ಈಗಾಗಲೇ ದಾವಣಗೆರೆಯ ಧೂಳು ಸ್ವಲ್ಪ ಅಂಟಿದೆ. ಮಳೆಗಾಲ ಹಿಡಿದ ಮೇಲೆ ಒಮ್ಮೆ ಬಿಚ್ಚಿ ಒರೆಸಿ, ಅದೇ ಮೇಜಿನ ಮೇಲೆ ಇದೇ ಆಟ ಮತ್ತೆ ಅಳೆದು ನೋಡ್ತೀನಿ.